ಸಾದಾ ಚಹಾ ಒಂದು, ಪರಿಮಳ ಹಲವು: ಮನೆಯಲ್ಲೇ ರುಚಿ ನೋಡುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡುಗೆಕೋಣೆಗಳ ಕಪಾಟು ತಡಕಿದರೆ ಗಲ್ಫಿನಿಂದ ಬಂದ ಚಹಾ ಡಬ್ಬಿಯೊಂದು ಸಿಕ್ಕೀತು. ಮುಚ್ಚಳದಲ್ಲಿ ನಿಂಬೆಯದ್ದೋ ಮಲ್ಲಿಗೆಯದ್ದೋ ಚಿತ್ರ, ಒಳಗೆ ಇಪ್ಪತ್ತೈದು ಪೊಟ್ಟಣ, ಖರ್ಚಾದದ್ದು ಮೂರು. ತಂದ ದಿನ ಹಾಲು ಸಕ್ಕರೆ ಹಾಕಿ ಕುದಿಸಿ, "ಇದೆಂಥ ಸಾಬೂನಿನ ವಾಸನೆ" ಎಂದು ಮೂಲೆಗಿಟ್ಟದ್ದು. ಹೆಚ್ಚಿನ ಸಲ ತಪ್ಪು ಎಲೆಯದ್ದಲ್ಲ. ಹಾಲು ಚಾದ ಹುಡಿಯನ್ನು ಕುದಿಸುವ ಹಾಗೆ ಅದನ್ನೂ ಕುದಿಸಿದ್ದು ತಪ್ಪು.

ಪರಿಮಳದ ಚಹಾದ ರುಚಿ ಹಿಡಿಯಬೇಕಾದರೆ ಎರಡು ಕಟ್ಟುಪಾಡು ಸಾಕು. ಪಕ್ಕದಲ್ಲಿ ಯಾವಾಗಲೂ ಏನೂ ಬೆರೆಸದ ಸಾದಾ ಚಹಾದ ಒಂದು ಗ್ಲಾಸು ಇರಬೇಕು. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು: ಎಲೆ ಬದಲಿಸಿದರೆ ನೀರು, ಅಳತೆ, ಹೊತ್ತು ಹಾಗೇ ಇರಲಿ. ಸಾದಾ ಎಲೆಯ ರುಚಿ ಗೊತ್ತಿಲ್ಲದವರಿಗೆ ಬಾಯಲ್ಲಿ ಉಳಿದ ಒಗರು ಎಲೆಯದ್ದೋ ಬೆರೆಸಿದ ವಸ್ತುವಿನದ್ದೋ ಎಂದು ಹೇಳಲು ಬರುವುದಿಲ್ಲ.

ಪರಿಮಳ ಎಲೆಗೆ ಹೇಗೆ ಬಂತು?

ಡಬ್ಬಿಯ ಚಿತ್ರ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ. ಪರಿಮಳ ಸೇರುವ ದಾರಿ ಮೂರು. ಮೊದಲನೆಯದು, ಹೂವಿನ ಜೊತೆ ಎಲೆಯನ್ನು ಪದರ ಪದರವಾಗಿ ಇಟ್ಟು ವಾಸನೆ ಹೀರಿಸುವುದು. ಚೀನಾದ ಫೂಜಿಯಾನ್ ಪ್ರಾಂತದ ಮಲ್ಲಿಗೆ ಚಹಾ ಹೀಗೆ ತಯಾರಾಗುತ್ತದೆ. ಎರಡನೆಯದು, ಒಣಗಿದ ಎಲೆಗೆ ಎಣ್ಣೆ ಅಥವಾ ಎಸೆನ್ಸ್ ಸಿಂಪಡಿಸುವುದು. ಅರ್ಲ್ ಗ್ರೇ ಎಂಬ ಹೆಸರಿನದ್ದೆಲ್ಲ ಈ ಜಾತಿ. ಅದರಲ್ಲಿರುವುದು ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ. ಆ ಹಣ್ಣು ಮುಖ್ಯವಾಗಿ ಬೆಳೆಯುವುದು ಇಟಲಿಯ ಕಲಾಬ್ರಿಯಾದಲ್ಲಿ. ನಮ್ಮ ಹೇರಳೆಯ ಸಿಪ್ಪೆ ಹಿಂಡಿದಾಗ ಕಣ್ಣಿಗೆ ಸಿಡಿಯುವ ಎಣ್ಣೆ ಇದೆಯಲ್ಲ, ಅದರದ್ದೇ ನೆಂಟಸ್ತಿಕೆಯ ವಾಸನೆ, ಸ್ವಲ್ಪ ಹೂವಿನ ಕಡೆಗೆ ವಾಲಿದ್ದು. ಮೂರನೆಯದು, ಏಲಕ್ಕಿ, ಚಕ್ಕೆ, ಒಣ ಸಿಪ್ಪೆ, ಹುರಿದ ಅಕ್ಕಿಯಂಥ ತುಂಡುಗಳನ್ನು ಎಲೆಯೊಂದಿಗೆ ಬೆರೆಸುವುದು.

ಈ ಭೇದ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಸಿಂಪಡಿಸಿದ ಎಣ್ಣೆ ಹಾರಿಹೋಗುವಂಥದ್ದು. ಕುದಿಸಿದರೆ ಪರಿಮಳ ಅಡುಗೆಕೋಣೆಗೆ, ಕಹಿ ಗ್ಲಾಸಿಗೆ. ತುಂಡು ಬೆರೆಸಿದ್ದು ಅದಕ್ಕೆ ವಿರುದ್ಧ: ಏಲಕ್ಕಿ, ಚಕ್ಕೆಗೆ ಕುದಿ ಬೇಕು, ಎಲೆಗೆ ಬೇಡ.

ಇನ್ನೊಂದು ವರ್ಗದಲ್ಲಿ ಚಹಾ ಎಲೆಯೇ ಇರುವುದಿಲ್ಲ. ದಾಸವಾಳ, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್), ಶಂಖಪುಷ್ಪ ಎಲ್ಲವನ್ನೂ ಪೇಟೆಯಲ್ಲಿ 'ಹರ್ಬಲ್ ಟೀ' ಎಂದು ಮಾರುತ್ತಾರೆ. ನಮ್ಮ ಕಡೆ ಇಂಥದ್ದಕ್ಕೆ ಕಷಾಯ ಎಂಬ ಸರಿಯಾದ ಹೆಸರು ಮೊದಲೇ ಉಂಟು. ಇದಕ್ಕೆ ಚಹಾದ ನಿಯಮ ಅನ್ವಯಿಸುವುದಿಲ್ಲ, ಐದೇಳು ನಿಮಿಷ ಧಾರಾಳವಾಗಿ ಬಿಡಬಹುದು.

ಏನು ತರಬೇಕು, ಎಷ್ಟು ತರಬೇಕು

ದೊಡ್ಡ ಡಬ್ಬಿ ಬೇಡ. ತೆರೆದ ಪರಿಮಳದ ಚಹಾ ಮೂರ್ನಾಲ್ಕು ತಿಂಗಳಲ್ಲಿ ಸೋಲುತ್ತದೆ. ಒಂದೊಂದೂ 25 ಅಥವಾ 50 ಗ್ರಾಂ ಸಾಕು. ಮೊದಲ ಸುತ್ತಿಗೆ ಈ ನಾಲ್ಕು: ನೀಲಗಿರಿಯ ಸಾದಾ ಕಪ್ಪು ಎಲೆ ಚಹಾ, ಸಾದಾ ಹಸಿರು ಚಹಾ, ಒಂದು ಅರ್ಲ್ ಗ್ರೇ, ಒಂದು ಮಲ್ಲಿಗೆ ಹಸಿರು ಚಹಾ. ಎರಡು ಸಾದಾ, ಅವುಗಳ ಎದುರು ಎರಡು ಪರಿಮಳದ್ದು. ಉಳಿದದ್ದನ್ನು ಅಂಗಳದಲ್ಲೇ ಹುಟ್ಟಿಸಬಹುದು.

ಸಾದಾ ಎಲೆ ಕೊಳ್ಳುವಾಗ 'ಆರ್ಥೊಡಾಕ್ಸ್' (ಎಲೆಯನ್ನು ಕಾಳು ಮಾಡದೆ ತಿರುಚಿ ಒಣಗಿಸಿದ್ದು) ಎಂದು ಬರೆದಿರುವುದನ್ನೇ ಆರಿಸಿ. ನಿತ್ಯದ ಹಾಲು ಚಾದ ಹುಡಿ ಸಿಟಿಸಿ ಪದ್ಧತಿಯದ್ದು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂದ ಯಂತ್ರ, ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಿನಂತಾಗಿಸುತ್ತದೆ. ಬಣ್ಣ ಬೇಗ ಬಿಡುತ್ತದೆ, ಹಾಲಿಗೆ ಹೇಳಿ ಮಾಡಿಸಿದ್ದು. ಆದರೆ ಬರ್ಗಮಾಟಿನಂಥ ನಯದ ವಾಸನೆ ಅದರೆದುರು ನಿಲ್ಲುವುದಿಲ್ಲ. ಊಟಿ, ಕೂನೂರಿಗೆ ಹೋದವರು ತರುವ ಪೊಟ್ಟಣಗಳಲ್ಲಿಯೂ ಎರಡೂ ಬಗೆ ಇರುತ್ತವೆ. ಕೈಯಲ್ಲಿ ಮುಟ್ಟಿ ನೋಡಿ: ಸಾಸಿವೆಯಂತೆ ಉರುಳಿದರೆ ಸಿಟಿಸಿ, ತೆಳ್ಳಗೆ ತಿರುಚಿದ ಕಡ್ಡಿಯಂತಿದ್ದರೆ ಎಲೆ ಚಹಾ. ಚಳಿಗಾಲದಲ್ಲಿ ಕಿತ್ತ ನೀಲಗಿರಿ ಚಹಾ ಸಿಕ್ಕಿದರೆ ಬಿಡಬೇಡಿ, ಬೆರಕೆಯಿಲ್ಲದೆಯೇ ಅದರಲ್ಲಿ ಹೂವಿನ ವಾಸನೆ ಇರುತ್ತದೆ.

ಪರಿಮಳ ಬೆರೆಸಿದ್ದರೆ ಅದನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತದೆ. ಬಿಡಿಯಾಗಿ ತೂಗಿ ಕೊಡುವ 'ಚಾಕೊಲೆಟ್ ಚಹಾ', 'ಸ್ಟ್ರಾಬೆರಿ ಚಹಾ'ಗಳಲ್ಲಿ ಆ ಚೀಟಿಯೇ ಇರುವುದಿಲ್ಲ. ಮೂಗಿಗೆ ಹಿಡಿದ ಕೂಡಲೇ ಮಿಠಾಯಿ ಅಂಗಡಿಯಂತೆ ಹೊಡೆದರೆ ಬಿಟ್ಟುಬಿಡಿ. ಅಷ್ಟು ಜೋರು ಎಸೆನ್ಸಿನ ಅಡಿಯಲ್ಲಿ ಹಳೆಯ ಎಲೆಯನ್ನು ಅಡಗಿಸುವುದು ಸುಲಭ. ಬಣ್ಣ ಹಾಕಿದ ಹುಡಿಯನ್ನು ಮನೆಯಲ್ಲೇ ಹಿಡಿಯಬಹುದು: ಬಿಳಿ ಫಿಲ್ಟರ್ ಕಾಗದದ ಮೇಲೆ ಚಿಟಿಕೆ ಹುಡಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ಬಳಿಕ ಹುಡಿ ತೆಗೆದು ಕಾಗದವನ್ನು ನಳ್ಳಿಯಡಿ ತೊಳೆಯಿರಿ. ಬೆಳಕಿಗೆ ಹಿಡಿದಾಗ ಕಾಗದದಲ್ಲಿ ಗಾಢ ಕಲೆ ಉಳಿದಿದ್ದರೆ ಬಣ್ಣದ ಬೆರಕೆ.

ಸಾಮಾನು

ಒಂದೇ ಅಳತೆಯ ಗಾಜಿನ ಗ್ಲಾಸು ಐದು, ಒಳಗೆ ಬಿಳಿ ಬಣ್ಣವಿರುವ ಪಿಂಗಾಣಿ ಬಟ್ಟಲು ಐದು, ಮುಚ್ಚಲು ತಟ್ಟೆಗಳು, ಸಣ್ಣ ಕಣ್ಣಿನ ಜಾಲರಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ. ಅಂಗಡಿಯ ಚಾ ಸೋಸುವ ಬಟ್ಟೆಚೀಲ ಈ ಕೆಲಸಕ್ಕೆ ಆಗದು, ನಿನ್ನೆಯ ಚಾ ಅದರಲ್ಲಿ ಕೂತಿರುತ್ತದೆ. ಸ್ಟೀಲು ಲೋಟವೂ ಬೇಡ. ಬೇಗ ತುಟಿ ಸುಡುತ್ತದೆ, ಬಣ್ಣ ಕಾಣುವುದಿಲ್ಲ. ಏಲಕ್ಕಿ, ಶುಂಠಿ ಜಜ್ಜಿದ ಪಾತ್ರೆಯನ್ನು ತೊಳೆದರೂ ವಾಸನೆ ಬಿಡದಿದ್ದರೆ ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿಡಿ.

ತಕ್ಕಡಿ ಯಾಕೆಂದರೆ ಚಮಚದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಸಿಟಿಸಿ ಹುಡಿ ಒಂದು ಸಮ ಚಮಚ ಎರಡು ಗ್ರಾಮಿನ ಮೇಲೆ ತೂಗಿದರೆ, ಉದ್ದ ಎಲೆಯ ಚಹಾ ಅದೇ ಚಮಚದಲ್ಲಿ ಒಂದೂವರೆ ಗ್ರಾಂ ಕೂಡ ಆಗದಿರಬಹುದು. ತಕ್ಕಡಿ ಇಲ್ಲವೆಂದಾದರೆ ಪೊಟ್ಟಣ ಚಹಾ ಬಳಸಿ. ಒಂದರಲ್ಲಿ ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸು ಇರುತ್ತದೆ.

ನೀರು: ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು

ಗ್ಲಾಸಿನಲ್ಲಿ ಇರುವುದು ಬಹುಪಾಲು ನೀರೇ. ಕಾಸರಗೋಡಿನಲ್ಲಿ ಒಂದೇ ಊರೊಳಗೆ ಮೂರು ಬಗೆಯ ನೀರು ಸಿಗುತ್ತದೆ. ಗುಡ್ಡದ ಬದಿಯ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ನೀರು ಮೃದು, ಲವಣ ಕಡಿಮೆ. ಹಸಿರು ಚಹಾಕ್ಕೂ ಮಲ್ಲಿಗೆ ಚಹಾಕ್ಕೂ ಇದಕ್ಕಿಂತ ಒಳ್ಳೆಯದು ಬೇಡ. ಅಂಗಳದ ಬಾವಿಯದ್ದು ಮಳೆಗಾಲದ ಕೊನೆಗೆ ಚೆನ್ನಾಗಿರುತ್ತದೆ. ಸಮುದ್ರದ ಬದಿಯ ಬಾವಿಗಳಲ್ಲಿ ಮಾರ್ಚ್ ದಾಟಿದ ಮೇಲೆ ಉಪ್ಪಿನ ಛಾಯೆ ಬರುತ್ತದೆ. ಆ ನೀರಿನಲ್ಲಿ ಯಾವ ಪರಿಮಳವೂ ಚಪ್ಪೆ, ದುಬಾರಿ ಎಲೆ ಹಾಕಿ ದಂಡ ಮಾಡಬೇಡಿ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಚಹಾವೇ ಅದನ್ನು ತೋರಿಸಿಕೊಡುತ್ತದೆ: ಕೆಂಪು ಹೊಳಪಿನ ಬದಲು ಶಾಯಿ ಬೆರೆಸಿದಂತೆ ಕಪ್ಪು. ಕಬ್ಬಿಣವೂ ಎಲೆಯ ಒಗರಿನ ಅಂಶವಾದ ಟ್ಯಾನಿನ್ನೂ ಸೇರಿದರೆ ಆಗುವುದೇ ಹಾಗೆ, ಹಿಂದಿನ ಕಾಲದ ಶಾಯಿ ಮಾಡುತ್ತಿದ್ದದ್ದೂ ಅದೇ ಸೂತ್ರದಿಂದ. ಗಡಸು ನೀರಾದರೆ ಮೇಲೆ ಎಣ್ಣೆಯಂತೆ ಹೊಳೆಯುವ ತೆಳು ಪೊರೆ ಕಟ್ಟುತ್ತದೆ.

ಇದರಿಂದ ಒಳ್ಳೆಯ ಪ್ರಯೋಗವೊಂದು ಸಿಗುತ್ತದೆ. ಒಂದೇ ಸಾದಾ ಎಲೆ, ಒಂದೇ ಅಳತೆ, ಒಂದೇ ಹೊತ್ತು. ನೀರು ಮಾತ್ರ ಮೂರು ಬಗೆ. ನೆರೆಮನೆಯಿಂದ ಒಂದು ಬಾಟ್ಲಿ ತನ್ನಿ. ಮೂರೂ ಗ್ಲಾಸು ಬೇರೆ ಬೇರೆ ಚಹಾದಂತೆ ಕಂಡರೆ ಆಶ್ಚರ್ಯವಿಲ್ಲ.

ಅಳತೆ, ಬಿಸಿ, ಹೊತ್ತು

ಚಹಾ ಹೋಲಿಕೆಗೆ ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನಕ ಉಂಟು: 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಹೀಗೆ ಮಾಡಿದ ಚಹಾ ಕುಡಿಯಲು ಕಟು. ಎಲೆಯ ಕುಂದು ಬಚ್ಚಿಟ್ಟುಕೊಳ್ಳದಂತೆ ಹೊರಗೆಳೆಯುವುದೇ ಅದರ ಉದ್ದೇಶ. ಮನೆಯ ರುಚಿಗೆ 150 ಮಿ.ಲೀ.ಗೆ 2 ಗ್ರಾಂ ಹಿಡಿಯಿರಿ.

ಸಾದಾ ಕಪ್ಪು ಚಹಾಕ್ಕೆ ಆಗತಾನೆ ಕುದಿದ ನೀರು, 3ರಿಂದ 4 ನಿಮಿಷ. ಅರ್ಲ್ ಗ್ರೇಗೂ ಅದೇ ನೀರು, ಆದರೆ 3 ನಿಮಿಷಕ್ಕೆ ತೆಗೆಯಿರಿ. ಹಸಿರು ಮತ್ತು ಮಲ್ಲಿಗೆ ಹಸಿರಿಗೆ 75ರಿಂದ 80 ಡಿಗ್ರಿ, 2 ನಿಮಿಷ. ಅರೆಹುಳಿಸಿದ ಊಲಾಂಗ್ ಸಿಕ್ಕಿದರೆ 90 ಡಿಗ್ರಿ, 3 ನಿಮಿಷ.

ಥರ್ಮಾಮೀಟರ್ ಇಲ್ಲವೇ? ನೀರು ಬೆರೆಸಿ ಬಿಸಿ ಅಳೆಯಬಹುದು. ಕುದಿಸಿ ಆರಿಸಿದ ನೀರು ನಮ್ಮ ಹವೆಯಲ್ಲಿ ಸುಮಾರು 28 ಡಿಗ್ರಿ ಇರುತ್ತದೆ. ಎರಡು ಪಾಲು ಕುದಿನೀರಿಗೆ ಒಂದು ಪಾಲು ಆರಿದ ನೀರು ಸೇರಿಸಿದರೆ 76 ಡಿಗ್ರಿ. ಮೂರಕ್ಕೆ ಒಂದಾದರೆ 82. ಐದಕ್ಕೆ ಒಂದಾದರೆ 88. ತಣ್ಣಗಿನ ಗ್ಲಾಸು ನಾಲ್ಕೈದು ಡಿಗ್ರಿ ನುಂಗುತ್ತದೆ. ಹಾಗಾಗಿ ಮೊದಲು ಗ್ಲಾಸಿಗೆ ಬಿಸಿನೀರು ಹಾಕಿ ಚೆಲ್ಲಿ. ಬೆರೆಸಿದ ಮೇಲೆಯೇ ಎಲೆಗೆ ಹೊಯ್ಯಬೇಕು. ಎಲೆಯ ಮೇಲೆ ಕುದಿನೀರು ಸುರಿದು ಆಮೇಲೆ ತಣ್ಣೀರು ಸೇರಿಸಿದರೆ ಎಲೆ ಬೆಂದಾಗಿರುತ್ತದೆ, ಬಸಳೆ ಬೇಯಿಸಿದ ವಾಸನೆ ಬರುತ್ತದೆ.

ನೆನೆಯುವಷ್ಟು ಹೊತ್ತೂ ತಟ್ಟೆ ಮುಚ್ಚಿಡಿ. ನಡುವೆ ಕದಡಬೇಡಿ, ಚೀಲ ಹಿಂಡಬೇಡಿ. ಹಿಂಡಿದರೆ ಕೊನೆಗೆ ಇಳಿಯುವುದೆಲ್ಲ ಒಗರು.

ಕೂತು ರುಚಿ ನೋಡುವುದು

ತಿಂಡಿ ತಿಂದು ಎರಡು ಗಂಟೆ ಕಳೆದ ಹೊತ್ತು ಒಳ್ಳೆಯದು. ವೀಳ್ಯ ಹಾಕಿದ ಬಾಯಿ, ಉಪ್ಪಿನಕಾಯಿ ತಿಂದ ಬಾಯಿ, ಆಗಷ್ಟೇ ಹಲ್ಲುಜ್ಜಿದ ಬಾಯಿ ಮೂರೂ ಇದಕ್ಕೆ ಆಗದು. ಅತ್ತರು, ಊದುಬತ್ತಿ, ಮುಡಿದ ಮಲ್ಲಿಗೆ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಒಳಗೆ ಮೀನು ಹುರಿಯುತ್ತಿದ್ದರೆ ಜಗಲಿಗೆ ಬನ್ನಿ.

ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಬೇಡ, ಆರನೆಯದಕ್ಕೆ ನಾಲಗೆ ಸುಳ್ಳು ಹೇಳತೊಡಗುತ್ತದೆ. ಸಾಲು ಹೀಗೆ: ಸಾದಾ ಹಸಿರು, ಮಲ್ಲಿಗೆ, ಸಾದಾ ಕಪ್ಪು, ಅರ್ಲ್ ಗ್ರೇ, ಕೊನೆಗೆ ಮಸಾಲೆಯದ್ದು. ಲವಂಗ ಮೊದಲು ಬಂದರೆ ಮಲ್ಲಿಗೆ ಸತ್ತಂತೆಯೇ. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವ ಚೀನಾದ ಲಾಪ್ಸಾಂಗ್ ಸೂಚೊಂಗ್ ಯಾರಾದರೂ ಕೊಟ್ಟಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಅಡಿಕೆ ಒಣಗಿಸುವ ಅಟ್ಟದ ಹೊಗೆ ನೆನಪಾಗುವಂಥ ವಾಸನೆ, ಹತ್ತರಲ್ಲಿ ಎಂಟು ಜನರಿಗೆ ಮೊದಲ ಸಲ ಹಿಡಿಸದು.

ಮೊದಲು ಒಣ ಎಲೆಯನ್ನು ಅಂಗೈಯಲ್ಲಿಟ್ಟು ಒಂದು ಸಲ ಉಸಿರು ಬಿಟ್ಟು ಬಿಸಿ ಮಾಡಿ ಮೂಸಿ. ಆಮೇಲೆ ನೆನೆದ ಎಲೆಯನ್ನು ಮುಚ್ಚಿದ ತಟ್ಟೆಯ ಒಳಬದಿಯ ಹಬೆ ಮೂಸಿ. ಪರಿಮಳ ಅತಿ ಹೆಚ್ಚು ಸಿಗುವುದು ಅಲ್ಲಿಯೇ. ಬಿಳಿ ಬಟ್ಟಲಿನಲ್ಲಿ ಬಣ್ಣ ನೋಡಿ. ಆಮೇಲೆ ಒಂದು ಚಮಚದಷ್ಟನ್ನು ಸುರ್ರೆಂದು ಹೀರಿ. ಶಬ್ದ ಬರಲಿ, ಹಿರಿಯರು ಕಣ್ಣು ಬಿಟ್ಟರೂ ಚಿಂತೆಯಿಲ್ಲ. ಗಾಳಿಯೊಂದಿಗೆ ಹೋದ ಹನಿಗಳ ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಬರ್ಗಮಾಟ್, ಮಲ್ಲಿಗೆ ಎಂದು ನಾವು ಗುರುತಿಸುವುದು ಅಲ್ಲಿ, ನಾಲಗೆಯಲ್ಲಲ್ಲ. ನಂಬಿಕೆಯಾಗದಿದ್ದರೆ ಮೂಗು ಹಿಡಿದುಕೊಂಡು ಅರ್ಲ್ ಗ್ರೇ ಒಂದು ಗುಟುಕು, ಸಾದಾ ಒಂದು ಗುಟುಕು ಕುಡಿಯಿರಿ. ಎರಡೂ ಹೆಚ್ಚುಕಡಿಮೆ ಒಂದೇ. ಮೂಗು ಬಿಟ್ಟ ಕ್ಷಣ ಹುಳಿಹಣ್ಣಿನ ಸಿಪ್ಪೆ ಎದ್ದು ಬರುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ಆಟ ಇಲ್ಲ (ಅವರಿಗೆ ನಿಂಬೆ ಪಾನಕ, ಶುಂಠಿ ಪಾನಕದಲ್ಲೇ ಮಾಡಿಸಿ).

ಪ್ರತಿ ಚಹಾವನ್ನು ಮೂರು ಸಲ ನೋಡಬೇಕು: ಬಿಸಿಯಿರುವಾಗ, ಉಗುರು ಬೆಚ್ಚಗಾದಾಗ, ಪೂರ್ತಿ ಆರಿದ ಮೇಲೆ. ಒಳ್ಳೆಯ ಹೂವಿನ ಪರಿಮಳ ಆರಿದರೂ ಉಳಿಯುತ್ತದೆ. ಅಗ್ಗದ ಎಸೆನ್ಸಿನ ಬಣ್ಣ ಬಯಲಾಗುವುದು ಆರಿದಾಗಲೇ, ಔಷಧಿಯ ಸಿರಪಿನಂಥ ಎಂಜಲು ರುಚಿ ಬಿಡುತ್ತದೆ. ಗಟ್ಟಿ ಕಪ್ಪು ಚಹಾ ಆರಿದಾಗ ಮಬ್ಬು ಕಟ್ಟಿದರೆ ಕೆಟ್ಟಿತೆಂದು ಎಸೆಯಬೇಡಿ. ಕೆಫೀನೂ ಎಲೆಯ ಬಣ್ಣದ ಅಂಶವೂ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳುವುದು ಅದು, ಬಿಸಿ ಮಾಡಿದರೆ ತಿಳಿಯಾಗುತ್ತದೆ.

ಎರಡರ ನಡುವೆ ಒಂದು ಗುಟುಕು ನೀರು, ನಾಲ್ಕು ಕಾಳು ಉಪ್ಪಿಲ್ಲದ ಮಂಡಕ್ಕಿ. ಬರೆದಿಡುವಾಗ ಡಬ್ಬಿಯ ಮಾತು ಕದಿಯಬೇಡಿ. ಹೊಸ ಬೈಹುಲ್ಲು, ಹಸಿ ಹೆಸರು ಬೇಯಿಸಿದ ನೀರು, ಬಕ್ಕೆ ಹಲಸು, ಮೊದಲ ಮಳೆಗೆ ನೆನೆದ ಅಂಗಳ, ಗೋಣಿಯೊಳಗಿನ ಅಡಿಕೆ, ಹೇರಳೆ ಸಿಪ್ಪೆ: ನಿಮ್ಮ ಮೂಗಿಗೆ ಗೊತ್ತಿರುವ ಹೆಸರನ್ನೇ ಬರೆಯಿರಿ. ಕಾಣದ ಪೀಚ್ ಹಣ್ಣಿಗೆ ಹೋಲಿಸಿ ಏನು ಪ್ರಯೋಜನ?

ಅಂಗಳದಿಂದ ಗ್ಲಾಸಿಗೆ

ಸುಲೈಮಾನಿಯಿಂದ ಆರಂಭಿಸುವುದು ನ್ಯಾಯ, ಮಲಬಾರಿನ ಬಿರಿಯಾನಿಯ ಬೆನ್ನಿಗೆ ಬರುವ ಚಾ. ಎರಡು ಗ್ಲಾಸಿಗೆ 300 ಮಿ.ಲೀ. ನೀರು, ಜಜ್ಜಿದ ಏಲಕ್ಕಿ ಎರಡು, ಲವಂಗ ಎರಡು, ಬೆರಳಿನ ಒಂದು ಗೆಣ್ಣಿನಷ್ಟು ಚಕ್ಕೆ, ಸಕ್ಕರೆ ಮೂರು ಚಮಚ. ಸಣ್ಣ ಉರಿಯಲ್ಲಿ ಮೂರು ನಿಮಿಷ ಕುದಿಸಿ ಒಲೆ ಆರಿಸಿ. ಈಗ ಒಂದು ಸಮ ಚಮಚ ಚಾ ಹುಡಿ ಹಾಕಿ, ಎರಡು ನಿಮಿಷ ಮುಚ್ಚಿ, ಸೋಸಿ. ಸೋಸಿದ ಮೇಲೆಯೇ ಗ್ಲಾಸಿಗೆ ಅರ್ಧ ಚಮಚ ನಿಂಬೆರಸ, ಬೇಕಾದರೆ ಪುದಿನದ ಮೂರು ಎಲೆ. ಕಪ್ಪಿದ್ದದ್ದು ಕಣ್ಣೆದುರೇ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಚಹಾದ ಕೆಂಪುಕಂದು ಅಂಶ ಹುಳಿಯಲ್ಲಿ ತಿಳಿಯಾಗುವುದರಿಂದ ಹಾಗೆ, ಚಾ ನೀರಾಯಿತೆಂದಲ್ಲ. ನಿಂಬೆಯನ್ನು ಕುದಿಯುವಾಗ ಹಾಕಿದರೆ ವಾಸನೆ ಹೋಗಿ ಕಹಿ ಉಳಿಯುತ್ತದೆ. ಹುಡಿಯನ್ನು ಮಸಾಲೆಯೊಂದಿಗೆ ಕುದಿಸಿದರೆ ಒಗರು ಏಲಕ್ಕಿಯನ್ನು ಮೆಟ್ಟುತ್ತದೆ. ಹಾಲಿಲ್ಲದ ಕಣ್ಣಚಾಕ್ಕೆ ನಿಂಬೆ ಹಿಂಡಿದರೆ ಸುಲೈಮಾನಿ ಆಯಿತೆಂದು ತಿಳಿದವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ಮಲ್ಲಿಗೆ ಚಹಾವನ್ನು ಮನೆಯಲ್ಲಿ ಮಾಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಚೀನಾದಲ್ಲಿ ಬಳಸುವುದೂ ನಮ್ಮ ಕರಾವಳಿಯ ಚೆಂಡು ಮಲ್ಲಿಗೆಯ ಜಾತಿಯ ಹೂವನ್ನೇ. ಒಂದೇ ಷರತ್ತು, ಕೀಟದ ಮದ್ದು ಬಿಡದ ಮನೆಯ ಗಿಡದ ಹೂ ಆಗಬೇಕು. ಪೇಟೆಯ ಚೆಂಡು ಮುಡಿಯಲಿಕ್ಕೆ ಮಾತ್ರ. ಹೂ ಧಾರಾಳವಾಗಿರುವ ಮಾರ್ಚ್, ಏಪ್ರಿಲ್, ಮೇ ತಿಂಗಳು ಹೇಳಿದ ಸಮಯ. ಮಧ್ಯಾಹ್ನ ಬಲಿತ ಬಿಳಿ ಮೊಗ್ಗು 25 ಗ್ರಾಂ ಕೊಯ್ದು, ತೊಟ್ಟು ತೆಗೆದು, ತಟ್ಟೆಯಲ್ಲಿ ಹರಡಿ ನೆರಳಲ್ಲಿಡಿ. ತೊಳೆಯಬೇಡಿ. ಸಂಜೆ ಬಿರಿಯತೊಡಗಿದಾಗ 50 ಗ್ರಾಂ ಸಾದಾ ಹಸಿರು ಚಹಾ ತೆಗೆದುಕೊಂಡು, ಅಗಲ ಪಾತ್ರೆಯಲ್ಲಿ ಒಂದು ಪದರ ಎಲೆ, ಒಂದು ಪದರ ಹೂ ಎಂದು ಹಾಕಿ ತೆಳು ಬಟ್ಟೆ ಮುಚ್ಚಿ. ಮಲ್ಲಿಗೆ ಪರಿಮಳ ಬಿಡುವುದು ಬಿರಿಯುವ ಹೊತ್ತಿನಲ್ಲಿ. ಒಣಗಿಸಿದ ಹೂ ಬೆರೆಸಿದರೆ ನೋಟಕ್ಕಷ್ಟೇ. ಮಲಗುವ ಮುಂಚೆ ಒಮ್ಮೆ ಕೈಯಾಡಿಸಿ, ರಾಶಿಯೊಳಗೆ ಬಿಸಿ ಹುಟ್ಟಿರುತ್ತದೆ. ಬೆಳಗ್ಗೆ ಹೂವನ್ನೆಲ್ಲ ಹೆಕ್ಕಿ ತೆಗೆಯಿರಿ. ಬಾಡಿದ ಎಸಳು ಉಳಿದರೆ ಕಹಿ, ಜೊತೆಗೆ ಹಳಸಿದ ವಾಸನೆ.

ಈಗ ಎಲೆ ಹೂವಿನ ತೇವ ಹೀರಿ ಮೆತ್ತಗಾಗಿದೆ. ಬಿಸಿಲಿಗೆ ಹಾಕಿದರೆ ರಾತ್ರಿಯ ಶ್ರಮವೆಲ್ಲ ಗಾಳಿಗೆ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಅಗಲವಾದ ಸ್ಟೀಲು ತಟ್ಟೆ ಮುಚ್ಚಿ, ಅದರ ಮೇಲೆ ಎಲೆ ತೆಳುವಾಗಿ ಹರಡಿ, ಹಬೆ ತಾಗದಂತೆ ನೋಡಿಕೊಂಡು ಅರ್ಧ ಗಂಟೆ ಆಗಾಗ ಮಗುಚಿ. ಬೆರಳಲ್ಲಿ ಒತ್ತಿದರೆ ಪಟಕ್ಕೆಂದು ಮುರಿಯಬೇಕು. ಹೊಸ ಹೂವಿನೊಂದಿಗೆ ಇದನ್ನೇ ಇನ್ನೂ ಎರಡು ರಾತ್ರಿ ಮಾಡಿ. ಒಂದೇ ರಾತ್ರಿಯ ಪರಿಮಳ ಡಬ್ಬಿ ತೆರೆದಾಗ ಇರುತ್ತದೆ, ಗ್ಲಾಸಿನಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಈ ಸಾಹಸ ಬೇಡ. ನೀರು ಕುಡಿದ ಹೂವಿನಿಂದ ಎಲೆಗೆ ಬೂಷ್ಟು ಹಿಡಿಯುತ್ತದೆ.

ಹುರಿದ ಅಕ್ಕಿಯ ಚಹಾ ಜಪಾನಿನವರದ್ದು, ಗೆನ್ಮೈಚಾ ಎಂದು ಹೆಸರು. ಇಲ್ಲಿ ಕುಚ್ಚಲಕ್ಕಿ ಸೊಗಸಾಗಿ ಒದಗುತ್ತದೆ. ಎರಡು ದೊಡ್ಡ ಚಮಚ ಅಕ್ಕಿಯನ್ನು ಒಣ ಬಾಣಲೆಯಲ್ಲಿ ಹದ ಉರಿಯಲ್ಲಿ ಕಂದು ಬಣ್ಣ ಬಂದು ಕೆಲವು ಕಾಳು ಅರಳುವವರೆಗೆ ಹುರಿಯಿರಿ, ಆರಿಸಿ, ಅಷ್ಟೇ ತೂಕದ ಹಸಿರು ಚಹಾ ಬೆರೆಸಿ. 150 ಮಿ.ಲೀ.ಗೆ 3 ಗ್ರಾಂ, 82 ಡಿಗ್ರಿ, 2 ನಿಮಿಷ. ಅಕ್ಕಿ ಕರಟಿದರೆ ಬೂದಿಯ ರುಚಿ. ಹಸಿರು ಚಹಾ ಹುಲ್ಲಿನಂತೆ ಎಂದು ಮೂಗು ಮುರಿಯುವವರನ್ನು ಒಲಿಸಲು ಇದೇ ದಾರಿ.

ಮಜ್ಜಿಗೆ ಹುಲ್ಲು ಒಂದು ಗೇಣಿನಷ್ಟು ಉದ್ದದ ಎರಡು ಎಸಳು, 200 ಮಿ.ಲೀ. ನೀರಿನಲ್ಲಿ ಮುಚ್ಚಿ ಮೂರು ನಿಮಿಷ ಕುದಿಸಿದರೆ ಸಾಕು. ಹತ್ತು ನಿಮಿಷ ಕುದಿಸಿದರೆ ನಿಂಬೆಯ ವಾಸನೆ ಹೋಗಿ ಹಸಿ ಹುಲ್ಲು ಉಳಿಯುತ್ತದೆ. ಶಂಖಪುಷ್ಪಕ್ಕೆ ಸಿಗುವ ಹೊಗಳಿಕೆಯೆಲ್ಲ ಬಣ್ಣದ್ದು, ರುಚಿ ಇಲ್ಲವೆಂದೇ ಹೇಳಬೇಕು. ಹತ್ತು ಹೂವಿನ ಹಸಿರು ತೊಟ್ಟು ಕಿತ್ತು ಬಿಸಿನೀರಲ್ಲಿ ಐದು ನಿಮಿಷ ಇಟ್ಟರೆ ನೀಲಿ, ನಿಂಬೆ ಹನಿ ಬಿದ್ದರೆ ನೇರಳೆ. ಮಜ್ಜಿಗೆ ಹುಲ್ಲಿನ ನೀರಿಗೆ ಹಾಕಿದರೆ ಒಂದು ಬಣ್ಣ ಕೊಡುತ್ತದೆ, ಇನ್ನೊಂದು ಪರಿಮಳ. ಪುನರ್ಪುಳಿಯನ್ನು ಚಹಾದೊಂದಿಗೆ ಸೇರಿಸುವ ಹೊಸ ಚಾಳಿಯೊಂದು ಉಂಟು. ಹುಳಿಯ ಮೇಲೆ ಒಗರು ಕೂತು ಎರಡೂ ಕೆಡುತ್ತವೆ. ಮಾಡಲೇಬೇಕೆಂದರೆ ಚಾ ಹುಡಿಯನ್ನು ಅರ್ಧಕ್ಕೆ ಇಳಿಸಿ, ಹಾಲು ಮಾತ್ರ ತಾಗಿಸಬೇಡಿ, ಒಡೆಯುತ್ತದೆ. ಅಂಗಳದಲ್ಲಿರುವ ಎಲ್ಲ ಹೂವೂ ಕುಡಿಯುವಂಥದ್ದಲ್ಲ ಎಂದು ಮಕ್ಕಳಿಗೆ ಹೇಳಿಡಿ. ಕಣಗಿಲೆ, ಉಮ್ಮತ್ತಿ ವಿಷ.

ಮಸಾಲೆ ಚಾದ ಹುಡಿಗೆ ಒಣಶುಂಠಿ 20 ಗ್ರಾಂ, ಏಲಕ್ಕಿ 10, ಚಕ್ಕೆ 10, ಒಳ್ಳೆಮೆಣಸು 5, ಲವಂಗ 3 ಗ್ರಾಂ. ಎರಡು ಗ್ಲಾಸಿಗೆ ಕಾಲು ಚಮಚ. ಹಸಿ ಶುಂಠಿ ಹಾಕುವವರಿಗೆ ಹಾಲು ಒಡೆಯುವ ಪೀಕಲಾಟ ಗೊತ್ತಿರುತ್ತದೆ: ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕಡಿಯುವ ಕಿಣ್ವ ಇದೆ. ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಅದು ನಿಷ್ಕ್ರಿಯವಾಗುತ್ತದೆ, ಆಮೇಲೆ ಹಾಲು ಹೊಯ್ಯಿರಿ.

ಸಿಹಿ ಎಷ್ಟು? ರುಚಿ ನೋಡುವಾಗ ಸೊನ್ನೆ, ಕುಡಿಯುವಾಗ ನಿಮ್ಮಿಷ್ಟ. ಮಲ್ಲಿಗೆಗೆ ಕಲ್ಲುಸಕ್ಕರೆ ಹೊಂದುತ್ತದೆ, ಶುಂಠಿಗೆ ಓಲೆಬೆಲ್ಲ. ತೆಂಗಿನ ನೀರಾದಿಂದ ಮಾಡುವ ತೆಂಗು ಸಕ್ಕರೆ ಸಿಕ್ಕಿದರೆ ಸಾದಾ ಕಪ್ಪು ಚಹಾಕ್ಕೆ ಹಾಕಿ ನೋಡಿ. ಅರ್ಲ್ ಗ್ರೇಗೆ ಬೆಲ್ಲ ಹಾಕಬೇಡಿ, ಬರ್ಗಮಾಟ್ ಅದರಡಿಯಲ್ಲಿ ಕಾಣಿಸುವುದೇ ಇಲ್ಲ.

ಕೆಟ್ಟರೆ ಎಲ್ಲಿ ಹುಡುಕಬೇಕು

ಬಾಯಿ ಒಣಗಿ ಹಿಡಿದಂತಾದರೆ ಹೊತ್ತು ಹೆಚ್ಚಾಗಿದೆ. ಮುಂದಿನ ಸಲ ಅರ್ಧ ನಿಮಿಷ ಕಡಿತ ಮಾಡಿ, ಎಲೆ ಕಡಿಮೆ ಮಾಡಬೇಡಿ. ಕಹಿಯಾದರೆ, ಅದೂ ಹಸಿರು ಚಹಾದಲ್ಲಿ, ನೀರು ಹೆಚ್ಚು ಬಿಸಿ. ಬಣ್ಣ ಉಂಟು ರುಚಿ ಇಲ್ಲ ಎಂದಾದರೆ ಎಲೆ ಹಳತು. ಸಾಬೂನಿನ ವಾಸನೆ ಬಂದರೆ ಎಣ್ಣೆ ಹೆಚ್ಚಾದ ಎಲೆ: ಅದಕ್ಕೆ ಸಮ ತೂಕದ ಸಾದಾ ಎಲೆ ಬೆರೆಸಿ ವಾರವಿಡೀ ಡಬ್ಬಿಯಲ್ಲಿಟ್ಟು ನೋಡಿ, ಮೂಲೆಗಿಟ್ಟ ಗಲ್ಫ್ ಡಬ್ಬಿಗಳಲ್ಲಿ ಅರ್ಧದಷ್ಟು ಹೀಗೆ ಬದುಕಿಕೊಳ್ಳುತ್ತವೆ. ಪೊಟ್ಟಣದವನ್ನು ಕತ್ತರಿಸಿ ಸುರಿದುಕೊಳ್ಳಬಹುದು.

ಮಳೆಗಾಲದ ಕಾಪು

ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಚಹಾದ ವೈರಿ ತೇವ. ಒಣ ಎಲೆ ನೀರನ್ನೂ ವಾಸನೆಯನ್ನೂ ಒಂದೇ ಆಸೆಯಿಂದ ಹೀರುತ್ತದೆ. ಮಲ್ಲಿಗೆ ಚಹಾ ಸಾಧ್ಯವಾದದ್ದು ಆ ಗುಣದಿಂದ, ಒಣಮೀನಿನ ಪಕ್ಕ ಇಟ್ಟ ಚಹಾ ಹಾಳಾಗುವುದೂ ಅದರಿಂದಲೇ. ಇಂಗು, ಕರ್ಪೂರ, ಹಪ್ಪಳದ ಡಬ್ಬಿಗಳಿಂದ ದೂರವಿಡಿ. ಬಿಗಿ ಮುಚ್ಚಳದ ಸ್ಟೀಲು ಡಬ್ಬಿ, ಒಳಗೆ ಗಾಳಿ ಹಿಂಡಿ ಕಟ್ಟಿದ ಪೊಟ್ಟಣ. ಒಂದೊಂದು ಪರಿಮಳಕ್ಕೆ ಒಂದೊಂದು ಡಬ್ಬಿ. ಒಲೆಯ ಮೇಲಿನ ಹಲಗೆ ಬೇಡ. ಫ್ರಿಜ್ಜೂ ಬೇಡ, ಹೊರತೆಗೆದ ಪ್ರತಿ ಸಲ ತಣ್ಣನೆಯ ಎಲೆಯ ಮೇಲೆ ಹನಿ ಕಟ್ಟುತ್ತದೆ. ಎಲೆ ಬೆರಳಲ್ಲಿ ಮುರಿಯದೆ ಬಾಗಿದರೆ ಹಬೆಯ ತಟ್ಟೆಯ ಮೇಲೆ ಒಣಗಿಸಿ. ಬೂಷ್ಟು ವಾಸನೆ ಬಂದದ್ದನ್ನು ಗಿಡದ ಬುಡಕ್ಕೆ ಹಾಕಿ, ಹುರಿದು ಕುಡಿಯುವ ಪ್ರಯತ್ನ ಬೇಡ.

ಕುಡಿಯುವ ಮಿತಿಯ ಬಗ್ಗೆ ಎರಡು ಮಾತು. ಒಂದು ಗ್ಲಾಸು ಕಪ್ಪು ಚಹಾದಲ್ಲಿ ಸಾಮಾನ್ಯವಾಗಿ 30ರಿಂದ 50 ಮಿ.ಗ್ರಾಂ ಕೆಫೀನ್ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 200 ಮಿ.ಗ್ರಾಂ ಎಂಬ ಮಿತಿಯನ್ನು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಐದು ಬಗೆ ನೋಡುವ ದಿನ ನುಂಗದೆ ಉಗುಳಿ, ವೃತ್ತಿಯವರು ಮಾಡುವುದೂ ಅದನ್ನೇ. ಊಟದ ಜೊತೆಗೆ ಚಹಾ ಕುಡಿದರೆ ಸೊಪ್ಪು, ಬೇಳೆಗಳ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ರಕ್ತಹೀನತೆ ಇರುವವರು ಒಂದು ಗಂಟೆಯಾದರೂ ಅಂತರ ಇಟ್ಟುಕೊಳ್ಳಲಿ.

ಏಪ್ರಿಲ್ ತಿಂಗಳ ಸೆಕೆಯಲ್ಲಿ ಬಿಸಿ ಚಹಾ ಬೇಡವೆನಿಸಿದರೆ ಮಲ್ಲಿಗೆ ಎಲೆ 5 ಗ್ರಾಂ, ಕುದಿಸಿ ಆರಿಸಿದ ನೀರು ಅರ್ಧ ಲೀಟರ್, ಗಾಜಿನ ಬಾಟ್ಲಿಯಲ್ಲಿ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಎಂಟು ಗಂಟೆಯ ಬಳಿಕ ಸೋಸಿ. ತಣ್ಣೀರು ಕಹಿಯನ್ನೂ ಒಗರನ್ನೂ ಕಡಿಮೆ ಎಳೆಯುವುದರಿಂದ ಸಕ್ಕರೆ ಬೇಕೆನಿಸುವುದಿಲ್ಲ. ಅಂದೇ ಮುಗಿಸಿ, ಮರುದಿನಕ್ಕೆ ಅದರ ಪರಿಮಳ ಇರುವುದಿಲ್ಲ.